ಹವ್ಯಾಸಿಗಳಿಗಾಗಿ ಹಾರಿದ ಹ್ಯಾಮ್‌ಸ್ಯಾಟ್

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ನೆತ್ತಿಯಂಥ ಜಾಗ ಹ್ಯಾಮ್ ರೇಡಿಯೊದವರಿಗೆ ಇಷ್ಟ. ಬೆಟ್ಟ, ಕಟ್ಟಡ ಅಡ್ಡ ಬಂದರೆ ಅವರ ಸಣ್ಣ ಸೆಟ್ಟಿನ ಅಲೆ ದೂರ ಹೋಗದು. ಅದಕ್ಕೇ ಆಕಾಶದ ದಾರಿ ಹುಡುಕಿದರು. ಮೊದಲ ಹವ್ಯಾಸಿ ಉಪಗ್ರಹ ಆಸ್ಕರ್–1 ಅಮೆರಿಕದಿಂದ ಹಾರಿದ್ದು 1961ರ ಡಿಸೆಂಬರ್ 12ರಂದು.

ನಮ್ಮ ಸರದಿ 2005ರ ಮೇ 5. ಶ್ರೀಹರಿಕೋಟಾದಿಂದ ಹೊರಟ ಪಿಎಸ್‌ಎಲ್‌ವಿ–ಸಿ6, ಕಾರ್ಟೊಸ್ಯಾಟ್–1ರ ಜೊತೆ ಇಸ್ರೊ ಕಟ್ಟಿದ 42.5 ಕಿಲೊ ತೂಕದ ಹ್ಯಾಮ್‌ಸ್ಯಾಟನ್ನೂ ಹೊತ್ತೊಯ್ದಿತು. ಅದರೊಳಗೆ ಎರಡು ಟ್ರಾನ್ಸ್‌ಪಾಂಡರ್: ಒಂದು ನಮ್ಮವರದು, ಇನ್ನೊಂದು ನೆದರ್ಲೆಂಡ್ಸ್‌ನ ವಿದ್ಯಾರ್ಥಿಯೊಬ್ಬರದು. ನೆಲದಿಂದ 435 ಮೆಗಾಹರ್ಟ್ಸ್‌ನಲ್ಲಿ ಹೋದ ಮಾತು 145ರಲ್ಲಿ ಕೆಳಗೆ ಬರುತ್ತಿತ್ತು.

ಒಂದು ಸುತ್ತಿನಲ್ಲಿ ಅದು ಸಿಗುತ್ತಿದ್ದದ್ದು ಹೆಚ್ಚೆಂದರೆ ಕಾಲು ಗಂಟೆ. ದಾಟಿಹೋಗುವ ರೈಲಿನ ಸೀಟಿಯಂತೆ ಅಲೆಯೂ ಬದಲಾಗುವುದರಿಂದ ಟ್ಯೂನಿಂಗ್ ತಿರುಗಿಸುತ್ತಲೇ ಇರಬೇಕು. ತನ್ನ ದನಿ ವಾಪಸ್ ಕೇಳದಿದ್ದರೆ ಹೊಸಬರು ಪವರ್ ಏರಿಸಿಬಿಡುತ್ತಾರೆ. ತೊಂದರೆ ಇರುವುದು ಸಡಿಲವಾದ ಕನೆಕ್ಟರ್‌ನಲ್ಲೋ, ನೀರು ಹೊಕ್ಕ ಕೇಬಲ್ಲಿನಲ್ಲೋ, ಆಂಟೆನಾ ಹಿಡಿದ ದಿಕ್ಕಿನಲ್ಲೋ! ಒಬ್ಬರು ದೊಡ್ಡ ಮೋಟಾರ್ ಹಾಕಿದರೆ ಅದೇ ಟ್ರಾನ್ಸ್‌ಫಾರ್ಮರ್‌ನ ಪಕ್ಕದ ತೋಟಕ್ಕೆ ವೋಲ್ಟೇಜ್ ಬೀಳುತ್ತದಲ್ಲ, ಇಲ್ಲೂ ಹಾಗೇ. ಒಬ್ಬರು ಅಬ್ಬರಿಸಿದರೆ ಉಳಿದವರ ದನಿ ಕುಗ್ಗುತ್ತದೆ, ಉಪಗ್ರಹದ ಬ್ಯಾಟರಿಗೂ ಹೊರೆ.

ಎರಡು ವರ್ಷಕ್ಕೆಂದು ಕಟ್ಟಿದ ಹ್ಯಾಮ್‌ಸ್ಯಾಟ್ ಒಂಬತ್ತು ವರ್ಷ ದುಡಿಯಿತು. 2014ರ ಜುಲೈನಲ್ಲಿ ಬ್ಯಾಟರಿ ಕೈಕೊಟ್ಟು ಮೌನವಾಯಿತು.

ಇದು ಬರೀ ಶೋಕಿಯಲ್ಲ. 2004ರ ಸುನಾಮಿಯಲ್ಲಿ ಅಂಡಮಾನ್‌ನ ಫೋನ್‌ಗಳು ಸತ್ತಾಗ ಬದುಕುಳಿದವರ ಸುದ್ದಿ ಮನೆಯವರಿಗೆ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. ಟವರ್ ಬಿದ್ದ ದಿನ ನಮ್ಮ ಊರಿಗೂ ಅಂಥವರೊಬ್ಬರು ಬೇಕಾಗಬಹುದು.