ಬೆಳವಣಿಗೆ, ಅಸಮಾನತೆ ಮತ್ತು ಬಡತನ ನಿವಾರಣೆ: ಶಿವಮೊಗ್ಗ ಮತ್ತು ಭದ್ರಾವತಿ

ಒಂದು ಪ್ರದೇಶದ ಉತ್ಪನ್ನ ಹೆಚ್ಚಿದಾಗ ಅಲ್ಲಿನ ಬಡತನ ಎಷ್ಟು ತಗ್ಗುತ್ತದೆ ಎಂಬುದು ಆ ಹೆಚ್ಚಳ ಯಾರ ಕೈ ಸೇರುತ್ತದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಬೆಳವಣಿಗೆಯ ಮೊದಲ ಹಂತದಲ್ಲಿ ಆದಾಯದ ಅಸಮಾನತೆ ಏರಿ ಅನಂತರ ಇಳಿಯಬಹುದೆಂದು ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1955ರಲ್ಲಿ ಊಹಿಸಿದ್ದರೆ, ಭಾರತದಲ್ಲಿ 1960ರ ದಶಕದ ಬೆಳವಣಿಗೆಯ ಫಲ ಮೇಲಿನ ವರ್ಗಗಳಿಗೇ ಹೆಚ್ಚಾಗಿ ದಕ್ಕಿತೆಂದು ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಶಿವಮೊಗ್ಗ ಜಿಲ್ಲೆಯಲ್ಲಿ ಬಡತನ ನಿವಾರಣೆಯ ಎರಡು ದಾರಿಗಳು, ಅಂದರೆ ಕಾರ್ಖಾನೆ ಮತ್ತು ಭೂಸುಧಾರಣೆ, ಒಂದರ ಹಿಂದೊಂದು ತೆರೆದುಕೊಂಡವು.

ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸಿ 1923ರಲ್ಲಿ ಉತ್ಪಾದನೆಗೆ ತೊಡಗಿತು. ಅದರ ಆಡಳಿತವನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಕೈಗೆತ್ತಿಕೊಂಡು ನಷ್ಟದಿಂದ ಮೇಲೆತ್ತಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯ ಸಂಸ್ಥೆಯೂ ಸ್ಥಾಪನೆಯಾಯಿತು. ತಿಂಗಳ ಸಂಬಳ, ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ ಇವೆಲ್ಲ ಖಾಯಂ ನೌಕರನ ಕುಟುಂಬವನ್ನು ಒಂದೇ ತಲೆಮಾರಿನಲ್ಲಿ ಬಡತನದಿಂದ ಹೊರತಂದವು. ಆದರೆ ಈ ಭಾಗ್ಯ ಮಸ್ಟರ್ ರೋಲಿನಲ್ಲಿ, ಅಂದರೆ ಕಾರ್ಖಾನೆಯ ನೌಕರರ ಪಟ್ಟಿಯಲ್ಲಿ, ಹೆಸರಿದ್ದವರಿಗೆ ಸೀಮಿತವಾಗಿತ್ತು. ಸುತ್ತಣ ಹಳ್ಳಿಗಳ ಗೇಣಿದಾರನ, ಅಂದರೆ ಧಣಿಯ ಜಮೀನನ್ನು ಫಸಲಿನ ಪಾಲು ಕೊಟ್ಟು ಉಳುವವನ, ಸ್ಥಿತಿ ಹಾಗೆಯೇ ಉಳಿಯಿತು.

ಅಸಮಾನತೆಯ ಮೂಲವನ್ನೇ ಮುಟ್ಟಿದ್ದು ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದ ಹೋರಾಟ. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವನ್ನು ಕುರಿತ ತಕರಾರು 1951ರಲ್ಲಿ ಸತ್ಯಾಗ್ರಹವಾಗಿ ಬೆಳೆದು, ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂತಾದವರ ನೇತೃತ್ವದಲ್ಲಿ ನಡೆದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದಾಗ ದೇಶದ ಗಮನ ಸೆಳೆಯಿತು. ಅಳತೆಯ ಪಾತ್ರೆಯೊಂದರಿಂದ ಎದ್ದ ಈ ಜಗಳದಲ್ಲಿ ವಿವಾದಕ್ಕೆ ಬಂದದ್ದು ವಾಸ್ತವವಾಗಿ ಫಸಲಿನ ಹಂಚಿಕೆಯೇ. ಎರಡು ದಶಕಗಳ ಬಳಿಕ, ಡಿ. ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರದ ವಶವಾಯಿತು. ಗೇಣಿ ರೈತರು ಡಿಕ್ಲರೇಷನ್, ಅಂದರೆ ತಾವು ಉಳುವ ಜಮೀನಿನ ಘೋಷಣಾಪತ್ರ, ಕೊಟ್ಟು, ಭೂನ್ಯಾಯ ಮಂಡಳಿಗಳ ಮುಂದೆ ವಿಚಾರಣೆ ಎದುರಿಸಿ ಉಳುವ ನೆಲದ ಹಕ್ಕು ಪಡೆದರು. ಬೆಳವಣಿಗೆಗಿಂತ ಮೊದಲು ಹಂಚಿಕೆ ನಡೆದರೆ ಮುಂದಿನ ಬೆಳವಣಿಗೆ ಬಡವನಿಗೆ ಬೇಗ ತಲುಪುತ್ತದೆ ಎಂಬ ವಾದಕ್ಕೆ ಜಿಲ್ಲೆಯ ಅಡಿಕೆ ಮತ್ತು ಭತ್ತದ ಬೇಸಾಯ ಒಳ್ಳೆಯ ಆಧಾರ ಒದಗಿಸುತ್ತದೆ. ಆದರೆ ನೀರಾವರಿ, ಬೆಲೆಯೇರಿಕೆಗಳ ಲಾಭ ನೆಲವಿದ್ದವನಿಗೇ ಸಿಗುವುದರಿಂದ, ಗೇಣಿಯೂ ಇಲ್ಲದ ಕೃಷಿ ಕೂಲಿಗಾರ ಈ ಸುಧಾರಣೆಯ ಹೊರಗೇ ಉಳಿದದ್ದು ಅದರ ದೊಡ್ಡ ಕೊರತೆ.

ನಾಡಿಗೆ ವಿದ್ಯುತ್ ಕೊಟ್ಟ, ಇದೇ ಜಿಲ್ಲೆಯ ಶರಾವತಿ ಯೋಜನೆಯದು ತದ್ವಿರುದ್ಧ ಉದಾಹರಣೆ: ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಲ್ಲಿ ಅನೇಕರಿಗೆ, ಬದಲಿಗೆ ದೊರೆತ ಭೂಮಿಯ ಹಕ್ಕುಪತ್ರ ದಶಕಗಳಾದರೂ ಸಿಗಲಿಲ್ಲ.

ಕರ್ನಾಟಕದಲ್ಲಿ ಬಡತನದ ರೇಖೆಯ ಕೆಳಗಿದ್ದವರ ಪ್ರಮಾಣ, ತೆಂಡೂಲ್ಕರ್ ಸಮಿತಿಯ ಮಾನದಂಡದಂತೆ, 2004-05ರಲ್ಲಿ ಶೇ. 33.4 ಇದ್ದದ್ದು 2011-12ರಲ್ಲಿ ಶೇ. 20.9ಕ್ಕೆ ಇಳಿಯಿತು. ಭದ್ರಾವತಿಯ ನಡೆ ಮಾತ್ರ ಬೇರೆಯಾಗಿತ್ತು. ಕಾಗದ ಕಾರ್ಖಾನೆ 2010ರ ದಶಕದಲ್ಲಿ ಸ್ಥಗಿತಗೊಂಡಿತು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿದ್ದ ಆ ಹಳೆಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ, ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಖಾಯಂ ನೌಕರರಾಗಿರದೆ ಗುತ್ತಿಗೆ ಕಾರ್ಮಿಕರಾಗಿದ್ದರು.