ಗೆರೆಯಿಂದ ಬರಹಕ್ಕೆ: ಚಿಪ್ ವಿನ್ಯಾಸದ ಕಥೆ

ಬೆಳಗೊಳದ ಸಮೀಪದಲ್ಲಿರುವ ಕನ್ನಂಬಾಡಿ ಕಟ್ಟೆಯನ್ನು ನೀವು ನೋಡಿರಬಹುದು. 1911ರಲ್ಲಿ ಅದರ ಕೆಲಸ ಆರಂಭವಾಯಿತು. ಕಲ್ಲು, ಗಾರೆ ಹಾಕಿ ಕಟ್ಟಿದ ಮೇಲೆ ನಕ್ಷೆಯ ತಪ್ಪನ್ನು ತಿದ್ದುವುದು ಸುಲಭವಲ್ಲ. ಲೆಕ್ಕವೆಲ್ಲ ಮೊದಲೇ ಸರಿಯಾಗಿರಬೇಕು. ಉಗುರಿನಷ್ಟಗಲದ ಸಿಲಿಕಾನ್ ಚಿಪ್ಪಿಗೂ ಇದೇ ನಿಯಮ. ತಂತ್ರಾಂಶದಲ್ಲಿ ದೋಷ ಕಂಡರೆ ತಿದ್ದಿ ಮತ್ತೆ ಕಳುಹಿಸಬಹುದು. ಚಿಪ್ಪಿನಲ್ಲಿ ಮೂಡಿಸಿದ ವಿದ್ಯುನ್ಮಂಡಲವನ್ನು ಹಾಗೆ ತಿದ್ದಲಾಗದು. ಹಾಗಿದ್ದರೂ ಚಿಪ್ ವಿನ್ಯಾಸಕಾರರು ತಂತ್ರಾಂಶ ರಚಿಸುವವರ ವಿಧಾನಗಳನ್ನು ಒಂದೊಂದಾಗಿ ಕಲಿತದ್ದು ಏಕೆ?

1971ರ ಇಂಟೆಲ್ 4004 ಚಿಪ್ಪಿನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್‌ಗಳು. ಅದರ ನಕ್ಷೆಯನ್ನು ಕೈಯಿಂದ ಬಿಡಿಸಲಾಗಿತ್ತು. 1993ರ ಪೆಂಟಿಯಂ ವೇಳೆಗೆ ಆ ಸಂಖ್ಯೆ 31 ಲಕ್ಷಕ್ಕೇರಿತು. ಇಷ್ಟನ್ನೂ ಗೆರೆ ಎಳೆದು ತೋರಿಸುವುದು ಸಾಧ್ಯವೆ? ಹೀಗಾಗಿ ವಿನ್ಯಾಸವು ಬರಹದ ರೂಪ ತಾಳಿತು. 1980ರ ದಶಕದಲ್ಲಿ ವೆರಿಲಾಗ್, ವಿಎಚ್‌ಡಿಎಲ್ ಎಂಬ ಭಾಷೆಗಳು ಬಂದವು. 'ಈ ಎರಡು ಸಂಖ್ಯೆಗಳನ್ನು ಕೂಡು' ಎಂದು ಆ ಭಾಷೆಯಲ್ಲಿ ಬರೆದರೆ, ಬೇಕಾದ ತರ್ಕದ್ವಾರಗಳನ್ನು ಇನ್ನೊಂದು ತಂತ್ರಾಂಶವೇ ಜೋಡಿಸಿಕೊಡುತ್ತದೆ.

ಗಣಕದಲ್ಲಿರುವ ವಿನ್ಯಾಸವನ್ನು ದೂರಕ್ಕೆ ಕಳುಹಿಸುವುದೂ ಸುಲಭ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ಕೇಂದ್ರ ತೆರೆದು, ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕ ಏರ್ಪಡಿಸಿಕೊಂಡಿತು. ಅದರ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರ ಇಂದಿಗೂ ಪ್ರಸಿದ್ಧ. ಚಿಪ್ ವಿನ್ಯಾಸಕ್ಕೆ ನೆರವಾಗುವ ತಂತ್ರಾಂಶವನ್ನು ರಚಿಸುವುದೇ ಇಲ್ಲಿನ ಎಂಜಿನಿಯರುಗಳ ಮೊದಲ ಕೆಲಸಗಳಲ್ಲಿ ಒಂದು. ಮುಂದೆ ಚಿಪ್ಪುಗಳ ವಿನ್ಯಾಸವೂ ಇಲ್ಲೇ ನಡೆಯತೊಡಗಿತು.

ಬರೆಯುವುದು ಸುಲಭವಾದಂತೆ ಪರೀಕ್ಷಿಸುವುದು ಕಷ್ಟವಾಯಿತು. 1994ರಲ್ಲಿ ಪೆಂಟಿಯಂನ ಭಾಗಾಕಾರದಲ್ಲಿ ದೋಷ ಪತ್ತೆಯಾಯಿತು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಬಂದದ್ದು 1.33374. ಚಿಪ್ಪಿನೊಳಗಿನ ಒಂದು ಕೋಷ್ಟಕದಲ್ಲಿ ಐದು ನಮೂದುಗಳು ಬಿಟ್ಟುಹೋಗಿದ್ದವು. ಇದಕ್ಕಾಗಿ ಇಂಟೆಲ್ ತೆತ್ತ ಬೆಲೆ 47.5 ಕೋಟಿ ಡಾಲರ್.

ಎಲ್ಲ ಲೆಕ್ಕಗಳನ್ನೂ ಮಾಡಿ ನೋಡಬಹುದಿತ್ತಲ್ಲ ಎನ್ನುವಿರಾ? 32 ಬಿಟ್‌ಗಳ ಎರಡು ಸಂಖ್ಯೆಗಳ ಎಲ್ಲ ಜೋಡಿಗಳನ್ನು, ಸೆಕೆಂಡಿಗೆ ನೂರು ಕೋಟಿಯಂತೆ ಪರೀಕ್ಷಿಸಿದರೂ 580 ವರ್ಷಗಳಿಗಿಂತ ಹೆಚ್ಚು ಕಾಲ ಬೇಕು! ಆದ್ದರಿಂದ ತಂತ್ರಾಂಶ ಕ್ಷೇತ್ರದ ಶಿಸ್ತು ಇಲ್ಲಿಗೂ ಬಂತು. ಪ್ರತಿ ತಿದ್ದುಪಡಿಯ ನಂತರ ಎಲ್ಲ ಪರೀಕ್ಷೆಗಳನ್ನೂ ಗಣಕವೇ ಮತ್ತೆ ನಡೆಸುತ್ತದೆ. ಮುಖ್ಯ ಭಾಗಗಳು ಸರಿಯೆಂದು ಗಣಿತದಿಂದ ಸಾಧಿಸಿ ತೋರಿಸಲಾಗುತ್ತದೆ.

ವಿನ್ಯಾಸವನ್ನು ಎಲ್ಲರೊಡನೆ ಹಂಚಿಕೊಳ್ಳುವ ಪದ್ಧತಿಯೂ ಮುಕ್ತ ತಂತ್ರಾಂಶದಿಂದ ಬಂದದ್ದೇ. 2010ರಲ್ಲಿ ಬರ್ಕ್ಲಿಯಲ್ಲಿ ಆರಂಭವಾದ ರಿಸ್ಕ್-ಫೈವ್ ಆಜ್ಞಾಸಮೂಹವನ್ನು ಯಾರು ಬೇಕಾದರೂ ಬಳಸಬಹುದು. ಅದನ್ನು ಆಧರಿಸಿ ಮದ್ರಾಸ್ ಐಐಟಿ ರೂಪಿಸಿದ 'ಶಕ್ತಿ' ಸಂಸ್ಕಾರಕವನ್ನು 2018ರಲ್ಲಿ ಚಂಡೀಗಢದ ಕಾರ್ಖಾನೆಯಲ್ಲಿ ತಯಾರಿಸಲಾಯಿತು.

ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ವೆರಿಲಾಗ್‌ನಲ್ಲೂ ಬರೆದುಕೊಡುತ್ತಿವೆ. ಶ್ರಮ ಕಡಿಮೆಯಾದೀತು, ಬರೆದದ್ದು ಸರಿಯೆಂದು ತೋರಿಸುವ ಹೊಣೆ ಮಾತ್ರ ನಮ್ಮದೇ. ವಿದ್ಯಾರ್ಥಿಗಳೇ, ಪ್ರಯೋಗಶಾಲೆಯಲ್ಲಿ ಸಂಕಲನದ ಒಂದು ಸಣ್ಣ ಮಂಡಲ ಮಾಡಿದಾಗ ಒಂದು ಸರಿಯುತ್ತರ ಬಂದೊಡನೆ ನಿಲ್ಲಿಸಬೇಡಿ. ಅದು ಎಲ್ಲೆಲ್ಲಿ ತಪ್ಪಬಹುದೆಂದು ಮೊದಲು ಪಟ್ಟಿ ಮಾಡಿ, ಒಂದೊಂದನ್ನೂ ಪರೀಕ್ಷಿಸಿ.