ಅರಗಿನ ತಟ್ಟೆಯಲ್ಲಿ ಪಿಯಾನೊ

ಹಿಂದಿನ ತಲೆಮಾರಿನ ಮಹಾವಾದಕರ ಪಿಯಾನೊವನ್ನು ಧ್ವನಿಮುದ್ರಿಕೆಯಲ್ಲಿ ಕೇಳಹೊರಟವನು ಮೊದಲು ಮುಳ್ಳಿನ ಕರಕರವನ್ನು ಸಹಿಸಲು ಕಲಿಯಬೇಕು. 1889ರ ಡಿಸೆಂಬರಿನಲ್ಲಿ ಎಡಿಸನ್ನನ ಪ್ರತಿನಿಧಿಯೊಬ್ಬನು ವಿಯೆನ್ನಾದಲ್ಲಿ ಮೇಣದ ಉರುಳೆಯ ಮೇಲೆ ಹಿಡಿದಿಟ್ಟ ಬ್ರಾಮ್ಸ್‌ನ ವಾದನವಂತೂ ಕಿವಿಗಿಂತ ಶ್ರದ್ಧೆಯಿಂದಲೇ ಕೇಳಬೇಕಾದದ್ದು. ಗಾಯಕನಾದರೆ ಮುದ್ರಣಯಂತ್ರದ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬಹುದು. ಪಿಯಾನೊವಿನ ನಾದವಾದರೋ ವಿಶಾಲವಾದ ಫಲಕದಿಂದ ಹೊಮ್ಮಿ ಕೋಣೆಯಲ್ಲೆಲ್ಲ ಚದುರುವಂಥದು, ಸುತ್ತಿಗೆ ತಂತಿಗೆ ತಗುಲಿದೊಡನೆ ಎದ್ದು ಮರುಕ್ಷಣವೇ ಕುಗ್ಗುವಂಥದು. ಆದಕಾರಣ 1903ರಲ್ಲಿ ಪ್ಯಾರಿಸ್ಸಿನಲ್ಲಿ ಗ್ರೀಗ್ ನುಡಿಸಿದ ತಟ್ಟೆಗಳಲ್ಲಿಯೂ, 1911ರಲ್ಲಿ ಪಾಡೆರೆವ್‌ಸ್ಕಿ ನುಡಿಸಿದವುಗಳಲ್ಲಿಯೂ ಮಂದ್ರಸ್ವರಗಳು ಸೊರಗಿವೆ. ಪಾಡೆರೆವ್‌ಸ್ಕಿಯ ಮುಂದೆ ಯಂತ್ರವನ್ನಿರಿಸಿದ ಗೈಸ್‌ಬರ್ಗನೇ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡನ್ನು ಮುದ್ರಿಸಿದವನು. ಆಕೆ ಕಡೆಗಾಲವನ್ನು ಮೈಸೂರಿನ ರಾಜಾಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು.

1925ರಲ್ಲಿ ಮೈಕ್ರೊಫೋನಿನ ಮೂಲಕ ಮುದ್ರಿಸುವ ಕ್ರಮ ಬಂದೊಡನೆ ಪಿಯಾನೊವಿಗೆ ಅದರ ಶಾರೀರ ಮರಳಿ ಬಂದಿತು. ಆದರೆ ಈ ಮುದ್ರಿಕೆಗಳ ನಿಜವಾದ ಬೆಲೆ ನಾದದ ಸ್ವಚ್ಛತೆಯಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಆ ಕಾಲದವರ ವಾದನದಲ್ಲಿ ಎಡಗೈ ಮೊದಲು ಬಿದ್ದು ಬಲಗೈಯ ಸ್ವರ ಕೂದಲೆಳೆಯಷ್ಟು ತಡೆದು ಬರುವುದುಂಟು. ಇಂದಿನ ಶಿಕ್ಷಕರು ದೋಷವೆಂದು ತಿದ್ದುವ ಈ ಪದ್ಧತಿ, ಅತೀತ ಅನಾಗತ ಎಡುಪುಗಳನ್ನು ಕೇಳಿ ಬೆಳೆದ ನಮ್ಮ ಕಿವಿಗೆ, ತಾಳ ತನ್ನ ಪಾಡಿಗೆ ತಾನು ಸಾಗುತ್ತಿರಲು ರಾಗವು ಅದರ ಹಿಂದುಮುಂದೆ ಸುಳಿದಾಡುವ ಸ್ವಾತಂತ್ರ್ಯವಾಗಿಯೇ ತೋರುವುದು. ಮುದ್ರಿತ ಸ್ವರಲಿಪಿಯಲ್ಲಿ ಇದರ ಸುಳಿವೂ ಇಲ್ಲ. ತಟ್ಟೆಗಳಿಲ್ಲದಿದ್ದರೆ ಒಂದು ಬಾನಿಯೇ ಕುರುಹಿಲ್ಲದೆ ಅಳಿದುಹೋಗುತ್ತಿತ್ತು.

ಮುಂದಿನ ಹೆಜ್ಜೆಯನ್ನು ಇಟ್ಟವರು ಚಂದಾದಾರರು. ಮುಂಗಡ ಹಣ ಕೊಡುವ ರಸಿಕರನ್ನು ಒಂದು ಸಂಘವಾಗಿ ಕೂಡಿಸಿ ದೊಡ್ಡ ಕೃತಿಗಳನ್ನು ಮುದ್ರಿಸುವ ಏರ್ಪಾಡಿನಿಂದ ಷ್ನಾಬೆಲ್ 1932ರಿಂದ 1935ರವರೆಗೆ ಬೀಥೋವನ್ನನ 32 ಸೊನಾಟಗಳನ್ನೂ ನುಡಿಸಿ ಮುಗಿಸಿದನು. ಇದೇ ಮಾದರಿಯನ್ನು, ಆದರೆ ಚಂದಾದಾರರ ಗುಂಪಿನ ಸ್ಥಾನದಲ್ಲಿ ತಾವೊಬ್ಬರೇ ನಿಂತು, ಕೈಗೊಂಡವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಸ್ವತಃ ಪಿಯಾನೊ ಅಭ್ಯಾಸಮಾಡಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿಯನ್ನು ಗಳಿಸಿದ್ದ, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಈ ದೊರೆಗಳು, ಲಂಡನ್ನಿನಲ್ಲಿ ಹೆಚ್ಚು ಮಂದಿ ಗಮನಿಸದೆ ಬದುಕುತ್ತಿದ್ದ ರಷ್ಯಾದ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಧನವಿತ್ತರು. 1947ರಲ್ಲಿ, ಅರುವತ್ತೇಳರ ವಯಸ್ಸಿನಲ್ಲಿ, ಮೆಟ್ನರ್ ತನ್ನ ಮೂರು ಕಾನ್ಸರ್ಟೊಗಳನ್ನೂ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದನು. ಮೂರನೆಯದನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾನೆ. ಆ ವೃಂದದ ಸಂಗೀತಸಭೆಗೆ ಒಡೆಯರು 1948ರಲ್ಲಿ ಮೊದಲ ಅಧ್ಯಕ್ಷರಾದರು.

ಕತಾರಿನ ಹಮದ್ ಬಂದರಿನಲ್ಲಿ, ಕ್ರೇನುಗಳು ಕಂಟೈನರುಗಳನ್ನು ಇಳಿಸುತ್ತಿರುವಾಗ ಪಾಳಿಯ ಬಿಡುವಿನಲ್ಲಿ ಈ ಮೂರನೆಯ ಕಾನ್ಸರ್ಟೊವನ್ನು ಕೇಳುತ್ತ ಕುಳಿತ ನನಗೆ ಸರಕಿನ ಯೋಚನೆ ಬಾರದಿರುವುದಿಲ್ಲ. ತಟ್ಟೆಗೆ ಬೇಕಾದ ಅರಗು ಭಾರತದ ಕಾಡುಗಳಲ್ಲಿ ಹುಟ್ಟಿ, ಹಡಗೇರಿ ಯೂರೋಪಿಗೆ ಹೋಗಿ, ಸಂಗೀತವಾಗಿ ಮತ್ತೆ ಹಡಗಿನಲ್ಲಿ ಹಿಂದಿರುಗುತ್ತಿತ್ತು! ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಯುತ್ತಿದ್ದುದರಿಂದ ಕಾನ್ಸರ್ಟೊವನ್ನು ತುಂಡರಿಸಿ ನುಡಿಸಬೇಕಾಗುತ್ತಿತ್ತು. ಇಂದು ಅವೆಲ್ಲವನ್ನೂ ಬೆಸೆದಿರುವುದರಿಂದ ತಟ್ಟೆ ತಿರುವಿಹಾಕುವ ಶ್ರಮ ಕೇಳುಗನಿಗಿಲ್ಲ. ಮೆಟ್ನರನ ವಾದನ ಬಿಗಿಯಾದ ಲಯದ್ದು, ಭಾವವನ್ನು ಹಿಗ್ಗಲಿಸದ ಸಂಯಮದ್ದು; ವೃಂದದ ಅಬ್ಬರದ ನಡುವೆಯೂ ಒಳದನಿಗಳು ತಿಳಿಯಾಗಿ ಕೇಳಿಸುತ್ತವೆ.

ಅಮೆರಿಕದಲ್ಲಿ ದೀರ್ಘಾವಧಿಯ ತಟ್ಟೆ 1948ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ಮೆಟ್ನರನ ಭಾರವಾದ ಆಲ್ಬಮ್ಮುಗಳು ಅಂಗಡಿ ಸೇರುವ ಹೊತ್ತಿಗೆ ಅವುಗಳ ಯಂತ್ರಕ್ಕೇ ವಾರ್ಧಕ್ಯ ಸಮೀಪಿಸಿತ್ತು. 1951ರ ನವೆಂಬರಿನಲ್ಲಿ ಅವನು ಲಂಡನ್ನಿನಲ್ಲಿ ತೀರಿಕೊಂಡನು. ಮುದ್ರಿಸಿದ್ದರಲ್ಲಿ ಕೆಲವು ಆಗ ಹೊರಬರದೆ ಉಳಿದು, ದಶಕಗಳ ತರುವಾಯ ಸಿ.ಡಿ.ಗಳಲ್ಲಿ ಪ್ರಕಟವಾದುವು.